ಮೋಡ ಕೆಳಗಿಳಿಯದ ಬೆಟ್ಟದಲ್ಲಿ ಸೂರ್ಯಾಸ್ತ



ಈ ವಾರದ ಮಾತುಕತೆಯನ್ನು ಪರದೆಯ ಮೇಲೆ ನೋಡುವ ಮೊದಲು ಒಂದು ಹಳೆಯ ಅಂಚೆ ಕಾರ್ಡಿನ ವಿಷಯ ಹೇಳಬೇಕು. ಸುಮಾರು ಹನ್ನೆರಡು ವರ್ಷಗಳ ಹಿಂದೆ ನಾನು ಚಿತ್ರದುರ್ಗ ಜಿಲ್ಲೆಯ ಅಶೋಕನ ಶಾಸನಗಳ ಬಗ್ಗೆ ಅರ್ಧ ಗಂಟೆಯ ಒಂದು ಕಾರ್ಯಕ್ರಮ ಮಾಡಿದ್ದೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಚಿತ್ರೀಕರಣ. ಸಂಜೆಯವರೆಗೆ ನಿಲ್ಲಲು ನಮಗೆ ಪುರಸೊತ್ತಿರಲಿಲ್ಲ. ನಾಲ್ಕು ಗಂಟೆಗೇ ಇಳಿದು ಬಂದೆವು. ಆದರೆ ಕಾರ್ಯಕ್ರಮದ ಕೊನೆಗೆ ಒಂದು ಸೂರ್ಯಾಸ್ತ ಬೇಕೆನಿಸಿತು. ಸಂಕಲನದ ಕೋಣೆಯಲ್ಲಿ ಹಳೆಯ ಟೇಪುಗಳನ್ನು ಹುಡುಕಿದಾಗ ಬಹಳ ಚೆಂದದ ದೃಶ್ಯವೊಂದು ಸಿಕ್ಕಿತು: ಹತ್ತಿ ಹರಡಿದಂತೆ ಬಿಳಿಯ ಮೋಡ, ಅದರ ಮೇಲೆ ತೇಲುತ್ತಾ ಮುಳುಗುವ ಕೆಂಪು ಸೂರ್ಯ. ಮಲೆನಾಡಿನ ಯಾವುದೋ ಗಿರಿಯ ಮೇಲೆ ತೆಗೆದದ್ದು. ಅದನ್ನೇ ಅಂಟಿಸಿ, "ಶಾಸನದ ಬೆಟ್ಟದಲ್ಲಿ ಸಂಜೆಯಾಯಿತು" ಎಂಬ ಅರ್ಥ ಬರುವ ಒಂದು ಸಾಲನ್ನು ನಿರೂಪಕರಿಂದ ಹೇಳಿಸಿದೆ.

ಪ್ರಸಾರವಾದ ಹದಿನೈದು ದಿನಕ್ಕೆ ಕಾರ್ಡು ಬಂತು. ಬರೆದವಳು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಕಡೆಯ ಹತ್ತನೆಯ ತರಗತಿಯ ವಿದ್ಯಾರ್ಥಿನಿ. ತಾನು ಜಾತ್ರೆಗೆಂದು ಎರಡು ಸಲ ಆ ಬೆಟ್ಟ ಹತ್ತಿದ್ದೇನೆ, ಒಂದು ಸಲವೂ ಮೋಡ ಕೆಳಗೆ ಬಂದದ್ದು ಕಾಣಲಿಲ್ಲ, ನಮ್ಮ ಸೀಮೆಯಲ್ಲಿ ಮೋಡ ತಲೆಯ ಮೇಲೇ ನಿಲ್ಲುವುದು ಅಪರೂಪ, ಹಾಗಿರುವಾಗ ನೀವು ತೋರಿಸಿದ್ದು ಯಾವ ಊರಿನ ಸಂಜೆ ಎಂದು ಕೇಳಿದ್ದಳು. ಕೊನೆಯಲ್ಲಿ ಇನ್ನೂ ಒಂದು ಪ್ರಶ್ನೆ: ನಮ್ಮೂರಿನ ಸಂಜೆ ತೋರಿಸಿದ್ದರೆ ಚೆನ್ನಾಗಿ ಕಾಣುತ್ತಿರಲಿಲ್ಲವೇ?

ನಾನು ಉತ್ತರ ಬರೆಯಲಿಲ್ಲ. ಕೆಲಸದ ಒತ್ತಡ ಎಂದು ಆಗ ಅಂದುಕೊಂಡಿದ್ದೆ, ನಿಜವೆಂದರೆ ನಾಚಿಕೆ. ವಿಜ್ಞಾನದ ಪದವಿ ಪಡೆದವನು ನಾನು. ಒಂದು ಪ್ರಯೋಗದ ಫಲಿತಾಂಶವನ್ನು ಇನ್ನೊಂದು ಪ್ರಯೋಗದ ಪುಸ್ತಕದಲ್ಲಿ ಬರೆದರೆ ಅದನ್ನು ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ಈ ಮಾಲಿಕೆಗಾಗಿ ಹಳೆಯ ಕಡತಗಳನ್ನು ತೆಗೆದಾಗ ಆ ಕಾರ್ಡು ಮತ್ತೆ ಕೈಗೆ ಬಂತು. ಹಾಗಾಗಿ ಕಳೆದ ಫೆಬ್ರವರಿಯಲ್ಲಿ, ಈ ಸಲ ಸಂಜೆಯವರೆಗೂ ಇರಲೇಬೇಕೆಂಬ ಕರಾರಿನ ಮೇಲೆ, ಕ್ಯಾಮೆರಾದವರನ್ನು ಕರೆದುಕೊಂಡು ಮತ್ತೆ ಆ ಬೆಟ್ಟಕ್ಕೆ ಹೋದೆ. ಅಲ್ಲಿ ಕಂಡದ್ದನ್ನೂ ಅದರ ಹಿಂದಿನ ಚರಿತ್ರೆಯನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಮೋಡದ ಲೆಕ್ಕ ಮುಗಿಸೋಣ. ಬಿಸಿಯಾದ ಗಾಳಿ ಮೇಲೇರುತ್ತಾ ತಣ್ಣಗಾಗುತ್ತದೆ. ಅದರಲ್ಲಿರುವ ನೀರಾವಿ ಇನ್ನು ಆವಿಯಾಗಿ ಉಳಿಯಲಾರದು ಎಂಬ ಉಷ್ಣತೆಯನ್ನು ಮುಟ್ಟಿದೊಡನೆ ಹನಿಗಟ್ಟಿ ಮೋಡವಾಗುತ್ತದೆ. ಆ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ನೆಲದ ಮೇಲಿನ ಗಾಳಿಯ ಉಷ್ಣತೆಗೂ ಅದರ ಇಬ್ಬನಿ ಬಿಂದುವಿಗೂ ಎಷ್ಟು ಡಿಗ್ರಿ ಅಂತರವಿದೆಯೋ ಅದನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಎತ್ತರದಲ್ಲಿರುತ್ತದೆ ಎಂಬ ಅಂದಾಜು ಸಿಗುತ್ತದೆ. ಮಳೆಗಾಲದ ಆಗುಂಬೆಯಲ್ಲಿ ಉಷ್ಣತೆ 22 ಡಿಗ್ರಿ, ಇಬ್ಬನಿ ಬಿಂದು 20 ಎಂದಿಟ್ಟುಕೊಳ್ಳಿ: ಮೋಡದ ತಳ ಕೇವಲ 250 ಮೀಟರ್. ಅಂಥ ಕಡೆ ಒಂದು ಸಾಧಾರಣ ಗುಡ್ಡ ಹತ್ತಿದರೂ ಮೋಡದೊಳಗೆ ಹೊಕ್ಕಂತೆ. ಚಳ್ಳಕೆರೆಯ ಬಯಲಿನಲ್ಲಿ ಒಂದು ಮಧ್ಯಾಹ್ನ ಉಷ್ಣತೆ 32, ಇಬ್ಬನಿ ಬಿಂದು 16 ಇದ್ದರೆ? ಮೋಡವಾಗುವುದಿದ್ದರೂ 2,000 ಮೀಟರ್ ಮೇಲೆ. ಜಟಿಂಗ ರಾಮೇಶ್ವರದ ನೆತ್ತಿ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಚೀಚೆ ಇದೆ. ಸುತ್ತಲಿನ ಬಯಲಿನಿಂದ ಲೆಕ್ಕ ಹಾಕಿದರೆ ಅದರ ಅರ್ಧವೂ ಇಲ್ಲ. ಮೋಡ ಕೆಳಗೆ ಬರುವುದೆಲ್ಲಿಂದ?

ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮಾರುತ ತನ್ನ ಹೊರೆಯನ್ನೆಲ್ಲ ಪಶ್ಚಿಮಘಟ್ಟದ ಮೇಲೆ ಇಳಿಸಿ ಈ ಕಡೆ ಬರುವಾಗ ಬರಿಗೈಯಾಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ಚಳ್ಳಕೆರೆಯಲ್ಲಿ 500 ತಲುಪಿದರೆ ಅದು ಒಳ್ಳೆಯ ವರ್ಷ. ಎರಡು ಊರುಗಳ ನಡುವೆ ಇರುವುದು ಒಂದೇ ದಿನದ ಬಸ್ ಪ್ರಯಾಣ. ಮೋಡದ ಮೇಲಿನ ಸೂರ್ಯನನ್ನು ನಿಜವಾಗಿ ನೋಡಬೇಕೆಂದರೆ ಮುಳ್ಳಯ್ಯನಗಿರಿಗೋ ಕೊಡಚಾದ್ರಿಗೋ ಕುದುರೆಮುಖದ ಕಡೆಗೋ ಹೋಗಬೇಕು. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ನಂದಿಬೆಟ್ಟದಲ್ಲೂ ಮೋಡದ ಕಡಲು ಕಾಣುತ್ತದೆ, ಆದರೆ ಅಲ್ಲಿ ಅದು ಹೆಚ್ಚಾಗಿ ಬೆಳಗಿನ ನೋಟ. ಕಾರಣ ಸರಳ. ರಾತ್ರಿಯೆಲ್ಲ ನೆಲ ಆರಿ, ತಗ್ಗಿನಲ್ಲಿ ತಣ್ಣನೆಯ ಗಾಳಿ ತುಂಬಿ ಮಂಜಾಗುತ್ತದೆ. ಸಂಜೆಗೆ ನೆಲ ಇನ್ನೂ ಬಿಸಿ, ಮಂಜು ನಿಲ್ಲುವುದಿಲ್ಲ. ಮೋಡದ ಮೇಲಿನ ಸೂರ್ಯೋದಯಕ್ಕಿಂತ ಸೂರ್ಯಾಸ್ತ ದುರ್ಲಭ ಎಂಬುದನ್ನು ಪ್ರವಾಸದ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಆ ಹುಡುಗಿಯ ಮೊದಲನೆಯ ಪ್ರಶ್ನೆಗೆ ಇದು ಉತ್ತರ. ಎರಡನೆಯದಕ್ಕೆ ಬೆಟ್ಟ ಹತ್ತಬೇಕು.

ಮೊಳಕಾಲ್ಮೂರು ಎಂದರೆ ಹೊರಗಿನವರಿಗೆ ರೇಷ್ಮೆ ಸೀರೆ. ಅಲ್ಲಿಂದ ಸ್ವಲ್ಪ ದೂರ, ಆಂಧ್ರದ ಗಡಿಯ ಸಮೀಪ, ಚಿನ್ನಹಗರಿಯ ಬಯಲಿನಲ್ಲಿ ಬ್ರಹ್ಮಗಿರಿ, ಸಿದ್ಧಾಪುರ ಮತ್ತು ಜಟಿಂಗ ರಾಮೇಶ್ವರ ಒಂದಕ್ಕೊಂದು ಕೂಗಳತೆಯಲ್ಲಿ ಅಲ್ಲದಿದ್ದರೂ ಕಣ್ಣಳತೆಯಲ್ಲಿವೆ. ಊರವರ ಬಾಯಲ್ಲಿ ಜಟಂಗಿ ರಾಮೇಶ್ವರ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ಬಿದ್ದದ್ದು ಇಲ್ಲಿಯೇ ಎಂದು ಸ್ಥಳಪುರಾಣ. ಹಾಗೆ ನೋಡಿದರೆ ಈ ಬೆಟ್ಟದ ಕಥೆ ಶುರುವಾಗುವುದೇ ಮೋಡದ ಮೇಲೆ ಹಾರಿದ ಹಕ್ಕಿಯೊಂದು ನೆಲಕ್ಕೆ ಬಿದ್ದದ್ದರಿಂದ.

1892ರಲ್ಲಿ ಈ ಮೂರೂ ಕಡೆ ಅಶೋಕನ ಕಿರು ಬಂಡೆಶಾಸನಗಳನ್ನು ಪತ್ತೆ ಮಾಡಿದವರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ, ಪಾದ್ರಿಯ ಮಗನಾದ ರೈಸರಿಗೆ ಕನ್ನಡ ಪರಭಾಷೆಯಾಗಿರಲಿಲ್ಲ. ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ಅಚ್ಚು ಹಾಕಿಸಿದವರು ಅವರು. ಈ ಪತ್ತೆಯಿಂದ ಒಂದು ದೊಡ್ಡ ಸಂಗತಿ ಸ್ಪಷ್ಟವಾಯಿತು. ಮೌರ್ಯರ ಆಳ್ವಿಕೆ ಕರ್ನಾಟಕದ ನಡುವಿನವರೆಗೆ ಚಾಚಿತ್ತು. ಕನ್ನಡನಾಡಿನ ಬರಹದ ಚರಿತ್ರೆಯನ್ನು ಯಾರು ಬರೆದರೂ ಮೊದಲ ಪುಟವನ್ನು ಇಲ್ಲಿಂದ ಶುರು ಮಾಡಲೇಬೇಕು. ಶಾಸನದ ಭಾಷೆ ಕನ್ನಡವಲ್ಲ, ಪ್ರಾಕೃತ. ಲಿಪಿ ಬ್ರಾಹ್ಮಿ, ನೀವು ಈಗ ಓದುತ್ತಿರುವ ಈ ಅಕ್ಷರಗಳ ಮೂಲಪುರುಷ.

ಗಮನಿಸಿ, ಈ ಮೂರು ಶಾಸನಗಳಲ್ಲಿ ಎಲ್ಲೂ ಅಶೋಕ ಎಂಬ ಹೆಸರಿಲ್ಲ. 'ದೇವಾನಾಂಪಿಯ', ಎಂದರೆ ದೇವರುಗಳಿಗೆ ಪ್ರಿಯನಾದವನು, ಎಂದಷ್ಟೇ ಇದೆ. ಅದು ಅಶೋಕನೇ ಎಂದು ಊಹಿಸಲು ವಿದ್ವಾಂಸರಿಗೆ ಸಿಂಹಳದ ಬೌದ್ಧ ಗ್ರಂಥಗಳ ಆಸರೆ ಬೇಕಾಗಿತ್ತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡ ಶಾಸನದಲ್ಲಿ ಆ ಹೆಸರೇ ಸಿಕ್ಕಿತು. ಚಿನ್ನ ಹುಡುಕಲು ಹೋದವನು ಅದಕ್ಕಿಂತ ಬೆಲೆಯುಳ್ಳದ್ದನ್ನು ಕಂಡ.

ಜಟಿಂಗ ರಾಮೇಶ್ವರದ ಶಾಸನ ಮೂರರಲ್ಲಿ ಹೆಚ್ಚು ಸವೆದದ್ದು. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ ಇರುವ ಆ ಬಂಡೆಗೆ ಬಳೆಗಾರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರಂತೆ. ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಸಾಮ್ರಾಟನ ಮಾತಿನ ಮೇಲೆ ಕುಳಿತು ಬಳೆ ತೊಡಿಸಿಕೊಂಡರೋ! ಪುರಾತತ್ವದವರಿಗೆ ಇದು ಬೇಸರದ ಸಂಗತಿ. ನನಗೆ ಮಾತ್ರ ಪೂರ್ತಿ ಬೇಸರ ಪಡಲಾಗುವುದಿಲ್ಲ. ಓದಲು ಬಾರದ ಜನ ಆ ಬಂಡೆಯನ್ನು ಒಡೆದು ಮನೆಗೆ ಅಡಿಪಾಯ ಹಾಕಲಿಲ್ಲ. ಅದಕ್ಕೊಂದು ಹೆಸರಿಟ್ಟು ಎರಡು ಸಾವಿರ ವರ್ಷ ತಮ್ಮ ನಡುವೆ ಇಟ್ಟುಕೊಂಡರು. ಬ್ರಹ್ಮಗಿರಿಯ ಬಂಡೆಗಂತೂ ಅವರಿಟ್ಟ ಹೆಸರೇ ಅಕ್ಷರ ಗುಂಡು. ಅಕ್ಷರ ಏನು ಹೇಳುತ್ತದೆಂದು ಗೊತ್ತಿರಲಿಲ್ಲ. ಅದು ಅಕ್ಷರ ಎಂಬುದು ಗೊತ್ತಿತ್ತು.

ಸವೆದ ಶಾಸನವನ್ನು ಓದುವವರಿಗೆ ಸಂಜೆ ಬಹಳ ಬೇಕಾದ ಹೊತ್ತು. ನಡುಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಾಗ ಬಂಡೆ ಹೊಳೆಯುತ್ತದೆಯೇ ಹೊರತು ಗೆರೆ ಕಾಣುವುದಿಲ್ಲ. ಬೆಳಕು ಓರೆಯಾದಂತೆ ಕೂದಲೆಳೆಯಷ್ಟು ಆಳದ ಗೀರೂ ತನ್ನ ನೆರಳನ್ನು ಚೆಲ್ಲುತ್ತದೆ. ಇಲ್ಲದ ಅಕ್ಷರ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಮಾಡಿನ ಕೆಳಗಿರುವ ಬಂಡೆಗಳಿಗೆ ಈಗ ಟಾರ್ಚನ್ನು ಪಕ್ಕದಿಂದ ಹಿಡಿದು ಅದೇ ಪರಿಣಾಮ ತರುತ್ತಾರೆ. ನಮ್ಮ ಕ್ಯಾಮೆರಾಮನ್ ದೀಪವನ್ನು ನೆಲಕ್ಕೆ ತಾಗಿಸಿ ಹಿಡಿದಾಗ ನಾನು ಹಿಂದಿನ ಸಲ ಎರಡು ಗಂಟೆ ನಿಂತೂ ಕಾಣದ ಗೆರೆಗಳನ್ನು ಕಂಡೆ. ಹನ್ನೆರಡು ವರ್ಷದ ಹಿಂದೆ ನಾಲ್ಕು ಗಂಟೆಗೆ ಇಳಿದದ್ದರಿಂದ ಕಳೆದುಕೊಂಡದ್ದು ಬರೀ ಸೂರ್ಯಾಸ್ತವಲ್ಲ ಎಂದು ಆಗ ತಿಳಿಯಿತು.

ಆ ಗೆರೆಗಳಲ್ಲಿ ಇರುವುದೇನು? ಬ್ರಹ್ಮಗಿರಿಯ ಪ್ರತಿ ಚೆನ್ನಾಗಿ ಉಳಿದಿರುವುದರಿಂದ ಹದಿಮೂರು ಸಾಲುಗಳ ಅದನ್ನೇ ಆಧಾರವಾಗಿ ಓದುತ್ತಾರೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಚಕ್ರವರ್ತಿಯ ಮಾತನ್ನು ತಲುಪಿಸುತ್ತಾರೆ. ಒಂದು ಸರ್ಕಾರಿ ಸುತ್ತೋಲೆ, ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ. ಆದರೆ ಒಳಗಿರುವುದು ಸುತ್ತೋಲೆಯ ಭಾಷೆಯಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮಿಸಲಿಲ್ಲ ಎಂದು ಚಕ್ರವರ್ತಿ ತಾನೇ ಒಪ್ಪಿಕೊಳ್ಳುತ್ತಾನೆ. ಸೋಮಾರಿತನವನ್ನು ಕಲ್ಲಿನ ಮೇಲೆ ಕೆತ್ತಿಸಿದ ರಾಜರು ಚರಿತ್ರೆಯಲ್ಲಿ ಎಷ್ಟು ಜನ ಸಿಕ್ಕಾರು? ಶ್ರಮಪಟ್ಟರೆ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸ್ವರ್ಗ ದೊರಕುತ್ತದೆ ಎನ್ನುವುದು ಅವನ ಮಾತಿನ ತಿರುಳು. ಮುಂದೆ ತಂದೆತಾಯಿಯರ ಮಾತು ಕೇಳುವುದು, ಸತ್ಯ ನುಡಿಯುವುದು, ಪ್ರಾಣಿಗಳಲ್ಲಿ ಕರುಣೆ, ಶಿಷ್ಯನು ಆಚಾರ್ಯನನ್ನು ಗೌರವಿಸುವುದು ಬರುತ್ತವೆ. ಸತ್ಯ ನುಡಿಯುವ ಮಾತು ಬರುವ ಕಡೆ ಹಿಂದಿನ ಕಾರ್ಯಕ್ರಮದಲ್ಲಿ ನಾನು ಬೇರೆ ಊರಿನ ಮೋಡ ಅಂಟಿಸಿದ್ದೆ ಎಂಬುದನ್ನು ಮರೆಮಾಚಲಾರೆ.

ಇದರಲ್ಲಿ ಒಂದು ಸಂಖ್ಯೆಯೂ ಇದೆ: 256. ಪ್ರವಾಸದಲ್ಲಿ 256 ರಾತ್ರಿಗಳನ್ನು ಕಳೆದ ಮೇಲೆ ಈ ಘೋಷಣೆ ಹೊರಟಿತು ಎಂದು ಹಲವು ವಿದ್ವಾಂಸರು ಅರ್ಥ ಮಾಡುತ್ತಾರೆ. ಬರೆದಿರುವ ರೀತಿ ಗಣಿತದ ವಿದ್ಯಾರ್ಥಿಗಳಿಗೆ ಕುತೂಹಲದ್ದು. ಆಗಿನ್ನೂ ಸೊನ್ನೆಯೂ ಇಲ್ಲ, ಸ್ಥಾನಬೆಲೆಯೂ ಇಲ್ಲ. ಇನ್ನೂರಕ್ಕೊಂದು ಚಿಹ್ನೆ, ಐವತ್ತಕ್ಕೊಂದು, ಆರಕ್ಕೊಂದು, ಹೀಗೆ ಮೂರು ಚಿಹ್ನೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಕೊನೆಯಲ್ಲಿ ಬರೆದವನ ಹೆಸರು ಚಪಡ. 'ಲಿಪಿಕಾರ' ಎಂಬರ್ಥದ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದ. ಖರೋಷ್ಠಿ ಭಾರತದ ವಾಯವ್ಯದ, ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ಚಿನ್ನಹಗರಿಯ ಬಯಲಿಗೆ ಬಂದು, ಇಲ್ಲಿ ಯಾರೂ ಓದಲಾರದ ಸಹಿ ಹಾಕಿ ಹೋದ. ಅವನೂ ಈ ಬಯಲಿನ ಸಂಜೆಗಳನ್ನು ನೋಡಿರಲೇಬೇಕು.

ಅಧಿಕಾರಿಗಳಿದ್ದ ಆ ಇಸಿಲ ಬ್ರಹ್ಮಗಿರಿಯ ಬುಡದಲ್ಲಿದ್ದ ಊರು ಎಂಬ ಅಭಿಪ್ರಾಯ ಬಲವಾಗಿದೆ. ಮೈಸೂರಿನ ಎಂ.ಎಚ್. ಕೃಷ್ಣ ಅವರು ಅಲ್ಲಿ ಅಗೆದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಮತ್ತೆ ಅಗೆದು, ಪದರದ ಮೇಲೆ ಪದರವಾಗಿ ಕಲ್ಲುಕೊಡಲಿಯ ಜನ, ಬೃಹತ್ ಶಿಲಾಸಮಾಧಿಗಳ ಜನ, ಅವರ ನಂತರದ ಆಂಧ್ರ ಸಂಸ್ಕೃತಿ ಎಂದು ಮೂರು ಕಾಲಗಳನ್ನು ಗುರುತಿಸಿದ. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಕಾಲಪಟ್ಟಿ ಸಿಕ್ಕಿದ್ದು ಈ ಬರದ ನೆಲದಿಂದ.

ಈಗ ಐದು ಗಂಟೆ. ಬೆಟ್ಟದ ಮೇಲೆ ಗಾಳಿ ಎದ್ದಿತ್ತು. ಪಶ್ಚಿಮದ ಅಂಚಿನಲ್ಲಿ ಕಂದುಬಣ್ಣದ ದೂಳಿನ ಪಟ್ಟಿ. ಅದರ ಮೇಲೆ ಆಕಾಶ ತೊಳೆದಿಟ್ಟಂತೆ. ಒಂದು ತುಣುಕು ಮೋಡವಿಲ್ಲ. ನಮ್ಮವರಲ್ಲೊಬ್ಬರು, "ಸಾರ್, ಇದರಲ್ಲಿ ಏನು ತೋರಿಸುವುದು?" ಎಂದರು. ತೋರಿಸಬಹುದಾದ ಒಂದು ಪ್ರಯೋಗ ನನ್ನ ತಲೆಯಲ್ಲಿತ್ತು. ಒಬ್ಬ ಹುಡುಗನನ್ನು ಗಡಿಯಾರ ಕೊಟ್ಟು ಕೆಳಗಿನ ಬಯಲಿನಲ್ಲಿ, ಪಶ್ಚಿಮ ತೆರೆದಿರುವ ಕಡೆ ನಿಲ್ಲಿಸಿ ಬಂದಿದ್ದೆವು. ಸೂರ್ಯನ ಮೇಲಂಚು ಮರೆಯಾದ ಕ್ಷಣವನ್ನು ಅವನು ಬರೆದುಕೊಳ್ಳಬೇಕು. ನಾವು ಮೇಲೆ ಬರೆದುಕೊಳ್ಳುತ್ತೇವೆ.

ಇದರ ತರ್ಕ ಹೀಗೆ. ಭೂಮಿ ದುಂಡಗಿರುವುದರಿಂದ ಎತ್ತರಕ್ಕೆ ಹೋದಷ್ಟೂ ದಿಗಂತ ದೂರ ಸರಿಯುತ್ತದೆ, ಕೆಳಗೂ ಇಳಿಯುತ್ತದೆ. ಬಯಲಿನಿಂದ 400 ಮೀಟರ್ ಮೇಲೆ ನಿಂತವನಿಗೆ ದಿಗಂತ ಸುಮಾರು 75 ಕಿಲೋಮೀಟರ್ ದೂರ. ಅದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಕೆಳಗೆ ಬಾಗಿರುತ್ತದೆ. ಸೂರ್ಯ ನಮ್ಮ ಅಕ್ಷಾಂಶದಲ್ಲಿ ನಿಮಿಷಕ್ಕೆ ಕಾಲು ಡಿಗ್ರಿಯಷ್ಟು ಇಳಿಯುತ್ತಾನೆ. ಎಂದರೆ ಬೆಟ್ಟದ ಮೇಲಿನವನಿಗೆ ಬಯಲಿನವನಿಗಿಂತ ಎರಡೂವರೆ ನಿಮಿಷದಷ್ಟು ಹೆಚ್ಚು ಹಗಲು. ಇನ್ನೂ ಒಂದು ಮೋಜು: ಗಾಳಿಯ ಪದರಗಳು ಬೆಳಕನ್ನು ಬಗ್ಗಿಸುವುದರಿಂದ ದಿಗಂತದಲ್ಲಿರುವ ಸೂರ್ಯ ಇರುವುದಕ್ಕಿಂತ ಅರ್ಧ ಡಿಗ್ರಿ ಮೇಲೆ ಕಾಣುತ್ತಾನೆ. ಸೂರ್ಯನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಬಯಲಿನಲ್ಲಿ ನಿಂತು, ಕೆಳಂಚು ದಿಗಂತಕ್ಕೆ ತಾಗಿದ ಸೂರ್ಯನನ್ನು ನೀವು ನೋಡುತ್ತಿರುವಾಗ ನಿಜವಾದ ಸೂರ್ಯ ಆಗಲೇ ಮುಳುಗಿಯಾಗಿದೆ. ನಾವು ಕೈಮುಗಿಯುವುದು ಅವನ ಬಿಂಬಕ್ಕೆ.

ಈ ಬಗ್ಗುವ ಬೆಳಕಿನ ಕಾಟವನ್ನು ಇಲ್ಲಿನ ಬೆಟ್ಟಗಳ ಮೇಲೆ ಚೆನ್ನಾಗಿ ಅನುಭವಿಸಿದವನು ವಿಲಿಯಂ ಲ್ಯಾಂಬ್ಟನ್. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ ಈ ಸೇನಾಧಿಕಾರಿ, ಒಂದು ರಾತ್ರಿ ತನ್ನ ದಳ ತಪ್ಪು ದಿಕ್ಕಿನಲ್ಲಿ, ಟಿಪ್ಪುವಿನ ಸೈನ್ಯದ ಕಡೆಗೇ ನಡೆಯುತ್ತಿದೆ ಎಂಬುದನ್ನು ನಕ್ಷತ್ರ ನೋಡಿ ಹೇಳಿದನಂತೆ. ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯಿಂದಲೇ ಶುರುಮಾಡಿ ಭೂಮಿಯನ್ನು ತ್ರಿಕೋನಗಳಲ್ಲಿ ಅಳೆಯುತ್ತಾ ಹೋದ. ಅವನ ಮಹಾ ರೇಖೆ ಬೆಂಗಳೂರಿನಿಂದ ಉತ್ತರಕ್ಕೆ ಪಾವಗಡದ ಬೆಟ್ಟದ ಮೂಲಕ ಗುತ್ತಿಯ ಕಡೆಗೆ ಸಾಗಿತು. ಪಾವಗಡ ಚಳ್ಳಕೆರೆಯ ನೆರೆಯದು. ದೂರದ ಶಿಖರದ ಎತ್ತರವನ್ನು ಕೋನದಿಂದ ಅಳೆಯುವಾಗ ಗಾಳಿ ಬೆಳಕನ್ನು ಎಷ್ಟು ಬಗ್ಗಿಸಿತು ಎಂಬುದನ್ನು ಕಳೆಯದಿದ್ದರೆ ಲೆಕ್ಕ ತಪ್ಪುತ್ತದೆ. ನಮ್ಮ ಕೋಟೆ ಬೆಟ್ಟಗಳನ್ನು ಹಗಲೂ ಸಂಜೆಯೂ ಹತ್ತಿ ಕುಳಿತ ಮೊದಲ ವಿಜ್ಞಾನಿಗಳಿಗೆ ಸೌಂದರ್ಯ ನೋಡಲು ಬಿಡುವಿತ್ತೋ ಇಲ್ಲವೋ!

ಸೂರ್ಯಾಸ್ತವನ್ನೇ ವಿಜ್ಞಾನದ ವಿಷಯವಾಗಿ ಜನ ನೋಡಿದ್ದು 1883ರಲ್ಲಿ. ಆ ವರ್ಷ ಆಗಸ್ಟ್ 26 ಮತ್ತು 27ರಂದು ಜಾವಾದ ಬಳಿ ಕ್ರಕಟೋವ ಜ್ವಾಲಾಮುಖಿ ಸಿಡಿಯಿತು. ಎರಡು ವಾರದಲ್ಲಿ ದಕ್ಷಿಣ ಭಾರತದ ಆಕಾಶದಲ್ಲಿ ಸೂರ್ಯ ಹಸಿರಾಗಿ ಮುಳುಗಿದ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುತ್ತಿದ್ದ ಮಿಚೀ ಸ್ಮಿತ್ ಆ ಹಸಿರು ಸೂರ್ಯನ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿ ಬರೆದಿಟ್ಟ. ಬಳಿಕ ಅನೇಕ ತಿಂಗಳು ಲೋಕದ ನಾನಾ ಕಡೆ, ಸೂರ್ಯ ಮುಳುಗಿ ಬಹಳ ಹೊತ್ತಾದರೂ ಪಡುವಣ ಬೆಂಕಿ ಬಿದ್ದಂತೆ ಕೆಂಪಾಗಿರುತ್ತಿತ್ತು. ಜ್ವಾಲಾಮುಖಿಯ ನವುರಾದ ಕಣಗಳು ಮೋಡಗಳಿಗಿಂತ ಎಷ್ಟೋ ಮೇಲೆ, ಸ್ತರಗೋಳದಲ್ಲಿ ನಿಂತು, ನಮಗೆ ಮುಳುಗಿದ ಸೂರ್ಯನ ಬಿಸಿಲನ್ನು ಇನ್ನೂ ಚೆದುರಿಸುತ್ತಿದ್ದವು. ಮೋಡದ ಮೇಲಿನ ಸೂರ್ಯಾಸ್ತ ಎಂಬ ಮಾತು ಯಾವುದಕ್ಕಾದರೂ ಪೂರ್ತಿ ಒಪ್ಪುವುದಾದರೆ ಅದಕ್ಕೆ. ಅದನ್ನು ನೋಡಲು ಯಾವ ಬೆಟ್ಟವನ್ನೂ ಹತ್ತಬೇಕಾಗಿರಲಿಲ್ಲ. ಅದೇ ಮಿಚೀ ಸ್ಮಿತ್ ಮುಂದೆ, ಮದರಾಸಿನ ಮಂಕು ಆಕಾಶ ಸಾಲದೆಂದು, ಕೊಡೈಕನಾಲಿನ 2,343 ಮೀಟರ್ ಎತ್ತರದಲ್ಲಿ ಸೌರ ವೀಕ್ಷಣಾಲಯ ಕಟ್ಟಿಸಿದ. 1899ರಲ್ಲಿ ಅದು ಶುರುವಾಯಿತು. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಎವರ್‌ಶೆಡ್ ಕಂಡದ್ದು 1909ರಲ್ಲಿ, ಅಲ್ಲಿಯೇ. ಇಂದು ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಐದೂಮುಕ್ಕಾಲರ ಹೊತ್ತಿಗೆ ನಾವು ದಕ್ಷಿಣಕ್ಕೆ ತಿರುಗಿ ಕ್ಯಾಮೆರಾ ಇಟ್ಟೆವು. ಆ ದಿಕ್ಕಿಗೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ, ಐವತ್ತು ಕಿಲೋಮೀಟರಿನ ಆಚೆ ಉಳ್ಳಾರ್ತಿ ಕಾವಲು. ಬರಿಗಣ್ಣಿಗೆ ಕಾಣುವುದು ಬೂದು ಬಣ್ಣ ಮಾತ್ರ. ಆದರೆ ಕಾರ್ಡು ಬಂದದ್ದು ಅಲ್ಲಿಂದ. ಅದನ್ನು ನೋಡದೆ ಇಳಿಯುವ ಹಾಗಿರಲಿಲ್ಲ.

'ಕಾವಲ್' ಎಂಬ ಮಾತನ್ನು ಮೀಸಲು ಹುಲ್ಲುಗಾವಲು ಎಂದು ತಿಳಿಯಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು. ಟಿಪ್ಪು ಅದಕ್ಕೆ 'ಅಮೃತ್ ಮಹಲ್' ಎಂದು ಹೆಸರಿಟ್ಟ. ಫಿರಂಗಿ ಎಳೆಯುವ, ದಣಿವರಿಯದ ಎತ್ತುಗಳ ತಳಿ ಅದು. ಹೈದರನ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಸಂಸ್ಥಾನದ ಉದ್ದಗಲಕ್ಕೂ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಗುರುತಿಸಿ, ಋತುವಿಗೆ ತಕ್ಕಂತೆ ದನಗಳನ್ನು ನಡೆಸುತ್ತಿದ್ದರು. ಸರ್ಕಾರದ ದನಗಳ ಜೊತೆಗೆ ಸುತ್ತಲಿನ ಹಳ್ಳಿಗಳ ಕುರಿ, ಅವುಗಳ ಉಣ್ಣೆಯಿಂದ ಕಂಬಳಿ ನೇಯುವ ಮನೆಗಳು, ಮ್ಯಾಸಬೇಡರ ದೇವರ ಎತ್ತುಗಳು ಮತ್ತು ಅವನ್ನು ಕಾಯುವ ಕಿಲಾರಿಗಳು, ಎಲ್ಲರ ಬದುಕೂ ಆ ಹುಲ್ಲಿಗೆ ಕಟ್ಟಿಕೊಂಡಿತ್ತು. ಮರವಿಲ್ಲದ, ಮೋಡವಿಲ್ಲದ ಆ ನೆಲ ಹೊರಗಿನವರ ಕಣ್ಣಿಗೆ ಖಾಲಿಯಾಗಿ ಕಾಣುತ್ತದೆ. ನಾನೂ ಹಾಗೆಯೇ ನೋಡಿದ್ದೆನಲ್ಲ! ಖಾಲಿಯೆಂದು ತೋರಿದ್ದರಿಂದಲೇ ಬೇರೆಯ ಚಿತ್ರ ಅಂಟಿಸುವ ಮನಸ್ಸಾಯಿತು.

2007ರ ನಂತರದ ವರ್ಷಗಳಲ್ಲಿ ಈ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆಯ ವಿಮಾನ ಪರೀಕ್ಷಾ ನೆಲೆ, ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೋಗಳಿಗೆ ಜಮೀನು. ಹುಲ್ಲಿಗೆ ನಡೆಯುತ್ತಿದ್ದ ದಾರಿಗೆ ಬೇಲಿ ಬಂದಾಗ ಹಳ್ಳಿಯವರು ಪ್ರಶ್ನಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ವಿಜ್ಞಾನ ಓದಿದ ನನಗೆ ಇದರಲ್ಲಿ ಒಂದು ಕಡೆ ನಿಂತು ಮಾತಾಡುವುದು ಸುಲಭವಾಗಿಲ್ಲ. 2023ರ ಏಪ್ರಿಲ್ 2ರ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ, ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ, ಒಳಗೆ ಚಾಲಕನಿಲ್ಲದೆ, ತನ್ನ ದಾರಿಯನ್ನು ತಾನೇ ಹುಡುಕಿಕೊಂಡು ಆ ಬಯಲಿನ ಓಡುದಾರಿಗೆ ಬಂದಿಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಅದೇ ಪರೀಕ್ಷೆಯ ಮುಂದಿನ ಹಂತಗಳು ಅಲ್ಲಿಯೇ ನಡೆದವು. ವಾಹನಕ್ಕಿಟ್ಟ ಹೆಸರು ಪುಷ್ಪಕ್. ಜಟಾಯು ತಡೆಯಲು ಹೋದ ರಾವಣನ ವಿಮಾನಕ್ಕೂ ಅದೇ ಹೆಸರು ಎಂಬುದನ್ನು ಈ ಬೆಟ್ಟದ ಮೇಲೆ ನಿಂತು ನೆನೆದಾಗ ನಗುವೂ ಬಂತು, ನಗು ಪೂರ್ತಿಯಾಗಲೂ ಇಲ್ಲ. ಮೋಡವಿಲ್ಲದ ಆಕಾಶ, ಮರವಿಲ್ಲದ ವಿಸ್ತಾರ, ಕಡಿಮೆ ಜನ: ದನ ಮೇಯಿಸುವವರಿಗೆ ಆ ನೆಲ ಒದಗಿದ್ದು ಯಾವ ಗುಣಗಳಿಂದಲೋ, ವಿಮಾನ ಇಳಿಸುವವರಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅವೇ ಗುಣಗಳು.

ಸೂರ್ಯ ದೂಳಿನ ಪಟ್ಟಿಗೆ ಇಳಿದ. ದೂಳು ಅವನನ್ನು ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕಣ್ಣಿಟ್ಟು ನೋಡಬಹುದಾದ ಕುಂಕುಮದ ಬೊಟ್ಟು ಮಾಡಿತು. ಬುಡ ಚಪ್ಪಟೆಯಾಯಿತು, ಅದೂ ಬಗ್ಗಿದ ಬೆಳಕಿನ ಕೆಲಸವೇ. ಮೋಡದ ಕಡಲಿನಲ್ಲಿ ಮುಳುಗುವ ಸೂರ್ಯ ಇಷ್ಟು ಹೊತ್ತು ಇಷ್ಟು ಸ್ಪಷ್ಟವಾಗಿ ನಿಲ್ಲುವುದಿಲ್ಲ. ಕೆಳಗೆ ಸಿದ್ಧಾಪುರದ ಹೊಲಗಳ ಮೇಲೆ ನೆರಳು ಹರಡಿ, ಕುರಿಮಂದೆಯೊಂದು ಎಬ್ಬಿಸಿದ ದೂಳು ಬೂದಿಬಣ್ಣಕ್ಕೆ ತಿರುಗಿತು. ಅಲ್ಲಿ ಹುಡುಗ ಸಮಯ ಬರೆದುಕೊಂಡಿರಬೇಕು. ನಮ್ಮ ಕೈಯ ಮೇಲೆ, ಬಂಡೆಗಳ ಮೇಲೆ ಬಿಸಿಲು ಇನ್ನೂ ಕೆಂಪಾಗಿತ್ತು. ಯಾರೂ ಮಾತಾಡಲಿಲ್ಲ.

ಇಳಿದು ಬಂದು ಎರಡು ಚೀಟಿಗಳನ್ನು ಹೋಲಿಸಿದೆವು. ಅಂತರ ಎರಡು ನಿಮಿಷ ಹತ್ತು ಸೆಕೆಂಡು. ಲೆಕ್ಕಕ್ಕಿಂತ ತುಸು ಕಡಿಮೆ. ದೂಳಿನಿಂದಾಗಿ ಮೇಲಂಚು ಮರೆಯಾದ ಕ್ಷಣ ನಮ್ಮಿಬ್ಬರಿಗೂ ಖಚಿತವಾಗಿರಲಿಲ್ಲ. ಆ ಎರಡು ನಿಮಿಷ ಹತ್ತು ಸೆಕೆಂಡನ್ನು ಕತ್ತರಿಸದೆ, ಹಿನ್ನೆಲೆ ಸಂಗೀತ ಸೇರಿಸದೆ, ಗಾಳಿಯ ಸದ್ದಿನೊಡನೆ ಕಾರ್ಯಕ್ರಮದಲ್ಲಿ ಇಟ್ಟಿದ್ದೇವೆ. ಕಾರ್ಡಿನಲ್ಲಿದ್ದ ವಿಳಾಸಕ್ಕೆ ಪ್ರಸಾರದ ದಿನ ಮತ್ತು ವೇಳೆ ತಿಳಿಸಿ ನಾನೂ ಒಂದು ಕಾರ್ಡು ಹಾಕಿದ್ದೇನೆ. ಆಕೆಗೆ ಈಗ ಇಪ್ಪತ್ತೇಳು ಇಪ್ಪತ್ತೆಂಟು ವರ್ಷವಾಗಿರಬೇಕು.